ಎಂಡೆನ್ ಮಾದರಿ: ಮೊದಲು ತಾರೀಕು, ಆಮೇಲೆ ಬಣ್ಣ

ಕಾಸರಗೋಡಿನ ನೀರ್ಚಾಲಿನಲ್ಲಿ ನಮ್ಮ ನೆರೆಮನೆಯ ಉಮ್ಮ ಭಾರೀ ಗಾತ್ರದ ಹಲಸಿನಕಾಯಿ ಕಂಡರೆ "ಎಮಂಡನ್ ಚಕ್ಕ" ಎನ್ನುತ್ತಾರೆ. ಮಲಯಾಳದ ಈ ಎಮಂಡನ್ ಒಂದು ಜರ್ಮನ್ ಯುದ್ಧನೌಕೆಯ ಹೆಸರಿನಿಂದ ಹುಟ್ಟಿದ ಮಾತು ಎಂದು ಹೇಳುವುದುಂಟು. 1914ರ ಸೆಪ್ಟೆಂಬರ್ 22ರ ರಾತ್ರಿ ಎಂಡೆನ್ ಎಂಬ ಲಘು ಕ್ರೂಸರ್ ಮದರಾಸಿಗೆ ಬಂದು, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆದು, ಬೆಂಕಿ ಎಬ್ಬಿಸಿ ಕತ್ತಲಲ್ಲಿ ಮಾಯವಾಯಿತು. ಕರಾವಳಿ ಪೂರಾ ಹೆದರಿತು, ಹೆಸರು ಬಾಯಿಂದ ಬಾಯಿಗೆ ಹೋಯಿತು. ಆದರೆ ಹಡಗು ಅಷ್ಟೇನೂ ಎಮಂಡನ್ ಅಲ್ಲ ಮಾರಾಯ್ರೆ. ಉದ್ದ 118 ಮೀಟರ್. ಪ್ಲಾಸ್ಟಿಕ್ ಬಿಡಿಭಾಗ ಜೋಡಿಸಿ ಮಾದರಿ ಕಟ್ಟುವ, ರೆವೆಲ್ ಕಂಪನಿಯ 1:350 ಅಳತೆಯ ಕಿಟ್ಟಿನಲ್ಲಿ ಅದು ಸುಮಾರು 34 ಸೆಂ.ಮೀ. ಶಾಲೆಯ ಸ್ಕೇಲಿಗಿಂತ ಎರಡು ಬೆರಳು ಉದ್ದ, ಅಷ್ಟೆ.

ಮೊದಲ ಸಲ ಹಡಗಿನ ಕಿಟ್ ಬಿಚ್ಚಿ ಕೂತವರಿಗಾಗಿ ಈ ಟಿಪ್ಪಣಿ. ನಾನೂ ಕಲಿಯುವವನೇ, ನಿಮಗಿಂತ ಒಂದು ಮಳೆಗಾಲ ಹಿರಿಯ ಅಷ್ಟೆ.

ಅಳತೆಯ ಲೆಕ್ಕ ಮೊದಲೇ ಗಟ್ಟಿ ಮಾಡಿಕೊಳ್ಳಿ. 1:350 ಎಂದರೆ ನಿಜವಾದ ಅಳತೆಯನ್ನು 350ರಿಂದ ಭಾಗಿಸುವುದು. ಎಂಡೆನ್‌ನಲ್ಲಿ ಇದ್ದದ್ದು 10.5 ಸೆಂ.ಮೀ. ಬಾಯಿಯ ಹತ್ತು ತೋಪು. ನಳಿಗೆಯ ಉದ್ದ ಬಾಯಿಯ ಅಗಲದ 40 ಪಾಲು, ಅಂದರೆ 4.2 ಮೀಟರ್. ಮಾದರಿಯಲ್ಲಿ ಅದು 12 ಮಿ.ಮೀ. ಬಾಯಿ ಬರೀ 0.3 ಮಿ.ಮೀ. ನಾವಿಕ ಒಂದು ಕುಚ್ಚಲಕ್ಕಿ ಕಾಳಿನಷ್ಟು. ನಮ್ಮ ತಲೆಗೂದಲು ಆ ಹಡಗಿನ ಮೇಲೆ ಎರಡೂವರೆ ಸೆಂಟಿಮೀಟರ್ ದಪ್ಪದ ಹಗ್ಗ! ಈ ಲೆಕ್ಕ ತಲೆಯಲ್ಲಿದ್ದರೆ ಬಣ್ಣ ಏಕೆ ತೆಳುವಾಗಿ ಹಚ್ಚಬೇಕು, ಅಂಟು ಏಕೆ ಹನಿಯಾಗಬಾರದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಟಿನ ವಿಷಯ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಹಚ್ಚುವ ನೀರಾದ ಸಿಮೆಂಟು ಅಂಟುವುದೇ ಇಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನೂ ಬೆಸೆಯುತ್ತದೆ. ಹಾಗಾಗಿ ಅಂಚಿಗೆ ಅಂಚು ಹಿಡಿದು ಸಂದಿಗೆ ತುಸು ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿಯುತ್ತದೆ. ಡೆಕ್ಕಿನ ಅಂಚಿಗೆ ಕೂರಿಸುವ ಹಿತ್ತಾಳೆ ತಗಡಿನ ಕಟಕಟೆಗೆ ಇದು ನಡೆಯದು, ಅಲ್ಲಿ ಸೂಪರ್ ಗ್ಲೂ ಬೇಕು. ಗ್ಲೂ ಹಚ್ಚಲು ನಾನು ಹಿಡಿಸೂಡಿ ಕಡ್ಡಿಯನ್ನು ಬ್ಲೇಡಿನಲ್ಲಿ ಚೂಪು ಮಾಡಿ ಬಳಸುತ್ತೇನೆ. ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ಸೂಜಿಗಿಂತ ಒಳ್ಳೆಯದು, ತುದಿ ಗಟ್ಟಿಯಾದರೆ ಕತ್ತರಿಸಿ ಮುಂದುವರಿಯಬಹುದು. ಬಿಡಿಭಾಗಗಳನ್ನು ಕತ್ತರಿಸುವ ಮೊದಲು ಸೋಪು ನೀರಿನಲ್ಲಿ ತೊಳೆಯಿರಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ನಿಲ್ಲುವುದಿಲ್ಲ.

ಈಗ ಮುಖ್ಯ ಮಾತು. ಹೆಚ್ಚಿನವರು "ಎಂಡೆನ್‌ನ ಬಣ್ಣ ಯಾವುದು?" ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ಅರೆಬರೆ. ಯಾವ ದಿನದ ಎಂಡೆನ್ ಎಂದು ಕೇಳಬೇಕು. ಶಾಂತಿಕಾಲದಲ್ಲಿ ಚೀನಾದ ಚಿಂಗ್‌ಟಾವ್ ನೆಲೆಯಲ್ಲಿದ್ದಾಗ ಒಡಲು ಬಿಳಿ, ಹೊಗೆಕೊಳವೆಗಳು ಅರಸಿನ ಕಲಸಿದ ಮಣ್ಣಿನ ಬಣ್ಣ. ಆ ಚೆಂದಕ್ಕೇ ಅದನ್ನು ಪೂರ್ವದ ಹಂಸ ಎಂದು ಕರೆದರು. ಯುದ್ಧಕ್ಕೆ ಇಳಿದಾಗ ಹಡಗು ಪೂರಾ ಬೂದು. ಬಿಳಿ ಎಂಡೆನ್ ಕಟ್ಟಿ ಬುಡದಲ್ಲಿ "ಮದರಾಸು, 1914" ಎಂದು ಬರೆದರೆ ಅದು ಹಸಿ ತಪ್ಪು.

ತಾರೀಕು ಗೊತ್ತಾದರೆ ಕೊಳೆ ಎಲ್ಲಿ ಹಚ್ಚಬೇಕೆಂಬುದೂ ಗೊತ್ತಾಗುತ್ತದೆ. ಚಿಂಗ್‌ಟಾವ್‌ನ ಹಡಗಿಗೆ ತುಕ್ಕು ಬಳಿದರೆ ಅಲ್ಲಿನ ನಾವಿಕರಿಗೆ ಅವಮಾನ. ಅಕ್ಟೋಬರ್ ತಿಂಗಳ ಹಡಗು ಬೇರೆ. ವಾರಗಟ್ಟಲೆ ಬಂದರು ಕಂಡಿಲ್ಲ, ಕಲ್ಲಿದ್ದಲು ಹೊತ್ತ ಮಾರ್ಕೊಮಾನಿಯಾದಂಥ ಹಡಗನ್ನು ಮಗ್ಗುಲಿಗೆ ಕಟ್ಟಿಕೊಂಡೇ ಇಂಧನ ತುಂಬಿಸಿಕೊಳ್ಳಬೇಕು. ಹಾಗಾದರೆ ಉಜ್ಜಿದ ಗುರುತು ಬರಬೇಕಾದದ್ದು ನಡುಭಾಗದ ಮಗ್ಗುಲಿಗೆ, ಕಪ್ಪು ಧೂಳು ಡೆಕ್ಕಿನ ಮೂಲೆಗಳಿಗೆ. ಕಂಡಕಂಡಲ್ಲಿ ಕಂದು ಬಣ್ಣ ಇಳಿಬಿಡುವುದು ನಮ್ಮಂಥ ಹೊಸಬರ ಚಾಳಿ. ನಾನೂ ಮಾಡಿದ್ದೆ, ಹಡಗು ಹಳೇ ಬಸ್ಸಿನಂತೆ ಕಾಣುತ್ತಿತ್ತು.

ನೀರಿನ ಮಟ್ಟದ ಗೆರೆಗೆ ಒಂದು ಉಪಾಯ. ಒಡಲನ್ನು ಸಮತಟ್ಟು ಮೇಜಿನ ಮೇಲೆ ಅಲುಗಾಡದಂತೆ ನಿಲ್ಲಿಸಿ, ಬೆಂಕಿಪೆಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು ಬೇಕಾದ ಎತ್ತರಕ್ಕೆ ಪೆನ್ಸಿಲ್ ಕಟ್ಟಿ ಸುತ್ತ ಸರಿಸಿ. ಗೆರೆ ತಾನಾಗಿ ನೇರ ಬರುತ್ತದೆ. ಕೆಳಗಿನ ಕೆಂಪು ಮೊದಲು, ಮಾಸ್ಕಿಂಗ್ ಟೇಪ್, ಆಮೇಲೆ ಬೂದು. ಗಾಳಿಯಲ್ಲಿ ಬಣ್ಣ ಊದುವ ಏರ್‌ಬ್ರಶ್ಶಿಗೆ ಬಣ್ಣ ತೆಳು ಮಜ್ಜಿಗೆಯ ಹದದಲ್ಲಿರಲಿ.

ನಮ್ಮ ಊರಿಗೇ ಮೀಸಲಾದ ಒಂದು ಕಷ್ಟ ಉಂಟು, ಕಿಟ್ಟಿನ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ಜುಲೈ-ಆಗಸ್ಟಿನ ಆಟಿ ತಿಂಗಳ ಒಂದು ಸಂಜೆ ಮಳೆ ಧೋ ಎನ್ನುತ್ತಿರುವಾಗ ಜಗಲಿಯಲ್ಲಿ ಕೂತು ಮ್ಯಾಟ್ ಲ್ಯಾಕರ್, ಅಂದರೆ ಹೊಳಪಿಲ್ಲದ ಮೇಲ್ಲೇಪ, ಸ್ಪ್ರೇ ಮಾಡಿದೆ. ಹತ್ತು ನಿಮಿಷಕ್ಕೆ ಬೂದು ಹಡಗಿನ ಮೇಲೆ ಉಪ್ಪಿನಕಾಯಿಗೆ ಬೂಸಲು ಬಂದ ಹಾಗೆ ಬಿಳಿ ಪೊರೆ! ಕಾರಣ ಸರಳ. ಲ್ಯಾಕರಿನ ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ನೀರಾಗಿ ಪದರದೊಳಗೆ ಸಿಕ್ಕಿಬೀಳುತ್ತದೆ. ಒರೆಸಿ ಪ್ರಯೋಜನವಿಲ್ಲ. ನಾನು ಮುಂದಿನ ಸೋಣ ತಿಂಗಳ ಬಿಸಿಲು ಬರುವವರೆಗೆ ಪೆಟ್ಟಿಗೆಯಲ್ಲಿಟ್ಟು, ಒಣ ದಿನ ಅದೇ ಜಾತಿಯ ಹೊಳಪಿನ ಲ್ಯಾಕರನ್ನು ತೆಳುವಾಗಿ ಊದಿದೆ. ಹಳೆಯ ಪದರ ಮೆತ್ತಗಾಗಿ ಸಿಕ್ಕಿಬಿದ್ದ ತೇವ ಹೊರಬಂತು, ಬಿಳುಪು ಹೋಯಿತು. ಆಮೇಲೆ ಮ್ಯಾಟ್. ಬೇಗ ಒಣಗಲಿ ಎಂದು ಅಡಿಕೆಯ ಜೊತೆ ಅಂಗಳದಲ್ಲಿ ಹರವಬೇಡಿ, ತೆಳು ಕಂಬಗಳು ಬಾಗುತ್ತವೆ. ಆಟಿಯಲ್ಲಿ ಕತ್ತರಿಸುವುದು, ಉಜ್ಜುವುದು, ಸಂದಿಗೆ ಪುಟ್ಟಿ ತುಂಬುವುದು ಇಟ್ಟುಕೊಳ್ಳಿ, ಸ್ಪ್ರೇ ಬೇಡ.

ಹಗ್ಗಗಳಿಗೆ ಬಿಡಿಭಾಗ ಕತ್ತರಿಸಿದ ಮೇಲೆ ಮಿಕ್ಕ ಪ್ಲಾಸ್ಟಿಕ್ ಚೌಕಟ್ಟೇ ಸಾಕು. ತುಂಡನ್ನು ಮೇಣದಬತ್ತಿಯ ಮೇಲೆ ತಿರುಗಿಸುತ್ತಾ ಮೆತ್ತಗೆ ಮಾಡಿ, ಉರಿಯಿಂದ ಹೊರಗೆ ತಂದು ಎಳೆಯಿರಿ. ಎಳೆತ ಜೋರಾದಷ್ಟೂ ಎಳೆ ಸಣ್ಣ. ಹತ್ತರಲ್ಲಿ ಮೂರು ಕೆಲಸಕ್ಕೆ ಬರುತ್ತವೆ. ಕಟಕಟೆ, ಹಗ್ಗ ಇವೆಲ್ಲ ಕಟ್ಟಕಡೆಗೆ, ಇಲ್ಲದಿದ್ದರೆ ನಿಮ್ಮದೇ ಮೊಣಕೈ ತಗುಲಿ ಮುರಿಯುತ್ತವೆ.

ನಾನು ಆರಿಸಿದ ತಾರೀಕು 1914ರ ಅಕ್ಟೋಬರ್ 28ರ ನಸುಕು, ಪೆನಾಂಗ್ ಬಂದರು. ಎಂಡೆನ್‌ಗೆ ಹೊಗೆಕೊಳವೆ ಮೂರು, ಬ್ರಿಟಿಷರ ಯಾರ್ಮತ್ ಕ್ರೂಸರಿಗೆ ನಾಲ್ಕು. ಅದರಂತೆ ಕಾಣಬೇಕಿತ್ತು. ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯೂಲರ್‌ನ ಕೈಕೆಳಗಿದ್ದ ಫಾನ್ ಮ್ಯೂಕೆಯ ಸಲಹೆಯಂತೆ ಮರ, ಕ್ಯಾನ್ವಾಸಿನಲ್ಲಿ ನಾಲ್ಕನೆಯದನ್ನು ಕಟ್ಟಿದರು. ಆ ವೇಷದಲ್ಲೇ ಬಂದರಿಗೆ ನುಗ್ಗಿ ರಷ್ಯದ ಜೆಮ್‌ಚುಗ್ ಕ್ರೂಸರನ್ನು ಮುಳುಗಿಸಿದರು. ಇನ್ನು ಹನ್ನೆರಡು ದಿನಕ್ಕೆ, ನವೆಂಬರ್ 9ರಂದು, ಕೊಕೊಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ಸಿಡ್ನಿ ಹಡಗು ಎಂಡೆನ್‌ನ ಕತೆ ಮುಗಿಸಿತು.

ಆ ನಾಲ್ಕನೆಯ ಕೊಳವೆಯನ್ನು ಕುಂಬಳೆ ಬಸ್ಸಿನ ಟಿಕೆಟಿನಲ್ಲಿ ಮಾಡಿದೆ. ಕಿಟ್ಟಿನ ಕೊಳವೆಗೆ ಮೇಣ ಸವರಿ, ಟಿಕೆಟನ್ನು ಎರಡು ಸುತ್ತು ಸುತ್ತಿ, ಸೂಪರ್ ಗ್ಲೂ ಒಂದು ಹನಿ ಹೀರಿಸಿ, ಆರಿದ ಮೇಲೆ ಜಾರಿಸಿ ತೆಗೆದೆ. ಒಂದೆರಡು ಸುಕ್ಕು ಬಿದ್ದಿತ್ತು, ಸರಿ ಮಾಡಲಿಲ್ಲ, ಕ್ಯಾನ್ವಾಸ್ ತಾನೇ. ಬೂದನ್ನೂ ಉಳಿದ ಮೂರಕ್ಕಿಂತ ಒಂದು ಛಾಯೆ ಮಾಸಲು ಮಾಡಿದೆ. ಅಂಟಿಸಿಲ್ಲ, ಅವರೂ ಬೇಕಾದಾಗ ಏರಿಸಿ ಬೇಡವಾದಾಗ ಇಳಿಸುತ್ತಿದ್ದರಲ್ಲ. ಚಿಕ್ಕಮ್ಮ ಕಪಾಟಿನ ಧೂಳು ಹೊಡೆಯುವಾಗ ಎರಡು ಸಲ ಇಳಿದಿದೆ.