ಅವಳಿ ಕೊರತೆ: ಬಜೆಟ್ ಕೊರತೆಯ ಬಿಸಿ ಚಾಲ್ತಿ ಖಾತೆಗೆ ಎಷ್ಟು ತಟ್ಟುತ್ತದೆ?

ಸರ್ಕಾರದ ಬಜೆಟ್ ಕೊರತೆಯೂ ಚಾಲ್ತಿ ಖಾತೆಯ (ದೇಶವು ಹೊರದೇಶಗಳೊಂದಿಗೆ ನಡೆಸುವ ಸರಕು, ಸೇವೆ, ಆದಾಯದ ವ್ಯವಹಾರದ ಲೆಕ್ಕ) ಕೊರತೆಯೂ ಜೊತೆಯಾಗಿ ಬಂದರೆ ಅದೇ ಅವಳಿ ಕೊರತೆ. ಒಂದು ಇನ್ನೊಂದಕ್ಕೆ ಕಾರಣವೇ ಎಂಬ ಪರೀಕ್ಷೆಯ ಪ್ರಶ್ನೆಗೆ ಉತ್ತರಿಸುವಾಗ ಮೊದಲು ಈ ಸಮೀಕರಣ ಬಾಯಿಪಾಠವಾಗಿರಲಿ:

ಚಾಲ್ತಿ ಖಾತೆ ಶಿಲ್ಕು = (ಖಾಸಗಿ ಉಳಿತಾಯ − ಖಾಸಗಿ ಹೂಡಿಕೆ) + (ಸರ್ಕಾರದ ಆದಾಯ − ವೆಚ್ಚ)

ಇದು ಲೆಕ್ಕಪತ್ರದ ನಿಯಮ, ಯಾವತ್ತೂ ಸರಿಹೊಂದುತ್ತದೆ. ಆದರೆ ಯಾವುದರಿಂದ ಯಾವುದಾಯಿತು ಎಂದು ಹೇಳುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಒಂದು ಲೆಕ್ಕ ಹಾಕೋಣ. ಎಲ್ಲವೂ ಜಿಡಿಪಿಯ ಶೇಕಡಾವಾರು. ಖಾಸಗಿ ಉಳಿತಾಯ 25, ಖಾಸಗಿ ಹೂಡಿಕೆ 23, ಬಜೆಟ್ ಕೊರತೆ 3. ಆಗ ಚಾಲ್ತಿ ಖಾತೆ 2 − 3 = −1. ಬಜೆಟ್ ಕೊರತೆ 6ಕ್ಕೇರಿ, ಉಳಿದದ್ದು ಹಾಗೇ ಇದ್ದರೆ −4. ಆದರೆ ಉಳಿದದ್ದು ಹಾಗೇ ಇರುವುದು ಅಪರೂಪ. ಮುಂದೆ ತೆರಿಗೆ ಏರೀತು ಎಂದು ಜನ 1 ಹೆಚ್ಚು ಉಳಿಸಿ, ಬಡ್ಡಿ ಏರಿದ್ದಕ್ಕೆ ಕಂಪನಿಗಳು ಹೂಡಿಕೆಯನ್ನು 1 ಇಳಿಸಿದರೆ? 26 − 22 − 6 = −2. ಬಜೆಟ್ ಕೊರತೆ 3 ಅಂಶ ಏರಿದರೂ ಚಾಲ್ತಿ ಖಾತೆ ಕೊರತೆ ಏರಿದ್ದು 1 ಅಂಶ ಮಾತ್ರ. ಜನ ಪೂರ್ತಿ 3 ಅಂಶ ಹೆಚ್ಚು ಉಳಿಸಿಬಿಟ್ಟರೆ ಚಾಲ್ತಿ ಖಾತೆ ಅಲುಗುವುದೇ ಇಲ್ಲ. ಅರ್ಥಶಾಸ್ತ್ರಜ್ಞ ರಿಕಾರ್ಡೋ ಹೆಸರಿನಲ್ಲಿ ಕರೆಯುವ ರಿಕಾರ್ಡೋ ಸಮಾನತೆ ಇದೇ. ವಾಸ್ತವದಲ್ಲಿ ಅಷ್ಟು ದೂರ ಯಾರೂ ಯೋಚಿಸುವುದಿಲ್ಲ ಅನ್ನಿ.

ಪರಿಣಾಮ ದಾಟುವ ದಾರಿ ಎರಡು. ಸರ್ಕಾರದ ಖರ್ಚಿನಿಂದ ಆದಾಯ ಏರಿ ಆಮದು ಹೆಚ್ಚುವುದು ನೇರ ದಾರಿ. ಇನ್ನೊಂದು ಬಳಸುದಾರಿ: ಸರ್ಕಾರದ ಸಾಲ → ಬಡ್ಡಿ ದರ ಏರಿಕೆ → ವಿದೇಶಿ ಬಂಡವಾಳದ ಒಳಹರಿವು → ಕರೆನ್ಸಿ ಬಲಗೊಳ್ಳುವುದು → ರಫ್ತು ದುಬಾರಿ, ಆಮದು ಅಗ್ಗ. ಎರಡನೆಯದಕ್ಕೆ ತೇಲುವ (ಮಾರುಕಟ್ಟೆಯೇ ನಿರ್ಧರಿಸುವ) ವಿನಿಮಯ ದರವೂ ಬಂಡವಾಳದ ಮುಕ್ತ ಓಡಾಟವೂ ಬೇಕು. ಕೇಂದ್ರ ಬ್ಯಾಂಕ್ ನೋಟು ಮುದ್ರಿಸಿ ಕೊರತೆ ತುಂಬಿದರೆ ಈ ಸರಪಳಿ ತಿರುಗುಮುರುಗು: ಹಣದುಬ್ಬರ ಏರುತ್ತದೆ, ಕರೆನ್ಸಿ ಕುಸಿಯುತ್ತದೆ.

ಪಠ್ಯಪುಸ್ತಕದಂಥ ಉದಾಹರಣೆ 1980ರ ದಶಕದ ಅಮೆರಿಕ. 1981ರ ತೆರಿಗೆ ಕಡಿತ, ರಕ್ಷಣಾ ವೆಚ್ಚ, ಕೇಂದ್ರ ಬ್ಯಾಂಕಿನ ಬಿಗಿ ಹಣ ನೀತಿ (ಎತ್ತರದ ಬಡ್ಡಿ ದರ) ಒಟ್ಟಿಗೆ ಬಂದವು. 1983ರಲ್ಲಿ ಬಜೆಟ್ ಕೊರತೆ ಜಿಡಿಪಿಯ ಸುಮಾರು ಶೇ. 6, 1981ರಲ್ಲಿ ಬಹುತೇಕ ಸಮತೋಲದಲ್ಲಿದ್ದ ಚಾಲ್ತಿ ಖಾತೆ 1987ರ ಹೊತ್ತಿಗೆ ಶೇ. 3 ದಾಟಿದ ಕೊರತೆ. ಬಲಗೊಂಡಿದ್ದ ಡಾಲರ್ 1985ರಲ್ಲೇ ಇಳಿಯತೊಡಗಿದರೂ ಈ ಕೊರತೆ 1987ರವರೆಗೆ ಬೆಳೆಯಿತು ಎಂಬುದನ್ನು ಗಮನಿಸಿ; ವ್ಯಾಪಾರ ತಡವಾಗಿ ಸ್ಪಂದಿಸುತ್ತದೆ.

ಉಲ್ಟಾ ಉದಾಹರಣೆ ಬರೆಯದ ಉತ್ತರ ಅರ್ಧ ಉತ್ತರ. 2007ರಲ್ಲಿ ಸ್ಪೇನ್ ಬಜೆಟ್‌ನಲ್ಲಿ ಮಿಗತೆ ಇತ್ತು, ಚಾಲ್ತಿ ಖಾತೆ ಕೊರತೆ ಶೇ. 10ರ ಸಮೀಪ, ಕಾರಣ ಖಾಸಗಿ ಸಾಲದ ಮೇಲೆ ನಿಂತ ಕಟ್ಟಡ ನಿರ್ಮಾಣ. ಜಪಾನ್ ದಶಕಗಳಿಂದ ಬಜೆಟ್ ಕೊರತೆಯಲ್ಲಿದ್ದರೂ ಚಾಲ್ತಿ ಖಾತೆಯಲ್ಲಿ ಮಿಗತೆ, ಏಕೆಂದರೆ ಖಾಸಗಿ ಉಳಿತಾಯವೇ ಸರ್ಕಾರದ ಸಾಲ ತುಂಬಿ ಉಳಿಯುತ್ತದೆ.

ಆರ್ಥಿಕ ಹಿಂಜರಿತದ ವರ್ಷಗಳ ಅಂಕಿ ನೋಡುವಾಗ ಹುಷಾರು. ಆಗ ತೆರಿಗೆ ಸಂಗ್ರಹವೂ ಆಮದೂ ಒಟ್ಟಿಗೆ ಕುಸಿಯುತ್ತವೆ, ಹಾಗಾಗಿ ಒಂದು ಕೊರತೆ ಹಿಗ್ಗಿದರೆ ಇನ್ನೊಂದು ಕುಗ್ಗುತ್ತದೆ. 2009ರ ಅಮೆರಿಕದಲ್ಲಿ ಆದದ್ದು ಇದೇ.