ರೀಫ್ಲೋ ಎಂದರೇನು? ಇ-ರೀಡರಿನಲ್ಲಿ ಕನ್ನಡ ಓದುವವರಿಗೆ ಒಂದು ಪದ ಪರಿಚಯ

ಇ-ರೀಡರಿನಲ್ಲಿ ಒಂದು ಕನ್ನಡ ಪುಸ್ತಕ ತೆರೆದು ಅಕ್ಷರದ ಗಾತ್ರವನ್ನು ಎರಡು ಹಂತ ಏರಿಸಿ ನೋಡಿ. ಎರಡರಲ್ಲಿ ಒಂದು ಆಗುತ್ತದೆ. ಅಕ್ಷರ ದಪ್ಪಗಾಗಿ, ಸಾಲಿನ ತುದಿಯ ಪದ ಕೆಳಗಿನ ಸಾಲಿಗಿಳಿದು, ಆ ಸಾಲಿನದು ಅದರ ಕೆಳಗಿನದಕ್ಕೆ ಸರಿದು, ಪುಟದ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಹೋಗಿ ಕೂರುತ್ತವೆ. ಓದು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇಲ್ಲವೇ, ಇಡೀ ಪುಟ ಫೋಟೋದ ಹಾಗೆ ಹಿಗ್ಗಿ, ಬಲಗಡೆಯ ಅರ್ಧ ಸಾಲು ಪರದೆಯಾಚೆ ಹೋಗಿ, ಪ್ರತಿ ಸಾಲಿಗೂ ಬೆರಳಿನಿಂದ ಪುಟವನ್ನು ಅತ್ತಿತ್ತ ಎಳೆಯುತ್ತಾ ಕೂರಬೇಕಾಗುತ್ತದೆ. ಮೊದಲನೆಯದರಲ್ಲಿ ಆದದ್ದೇ ರೀಫ್ಲೋ.

ಪರದೆಯ ಅಗಲ, ಅಕ್ಷರದ ಗಾತ್ರ, ಅಂಚು, ಸಾಲುಗಳ ನಡುವಿನ ಅಂತರ ಇವುಗಳಲ್ಲಿ ಯಾವುದು ಬದಲಾದರೂ ಪಠ್ಯ ಹೊಸದಾಗಿ ಸಾಲು ಕಟ್ಟಿಕೊಳ್ಳುವುದಕ್ಕೆ ಈ ಹೆಸರು. ಕನ್ನಡದಲ್ಲಿ 'ಮರುಹರಿವು' ಎನ್ನಬಹುದು. ನೀರು ಚೊಂಬಿಗೆ ಹಾಕಿದರೆ ಚೊಂಬಿನ ಆಕಾರ, ತಟ್ಟೆಗೆ ಹಾಕಿದರೆ ತಟ್ಟೆಯ ಆಕಾರ ತಾಳುವಂತೆ. ಆದರೆ ಇ-ಪುಸ್ತಕ ತಯಾರಿಸುವವರ ಬಾಯಲ್ಲಿ ರೀಫ್ಲೋ ಎಂದೇ ನಿಂತಿದೆ. ಯಾವ ಕಂಪನಿಯ ಯಂತ್ರ ಕೊಳ್ಳುವುದು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಈ ಒಂದು ಪದಕ್ಕೆ ಹತ್ತು ನಿಮಿಷ ಕೊಡುವುದು ಲೇಸು. ಇ-ರೀಡರಿನ ಸುಖ ದುಃಖ ಎರಡೂ ಯಂತ್ರಕ್ಕಿಂತ ಹೆಚ್ಚಾಗಿ ಅದರೊಳಗೆ ಹಾಕಿದ ಕಡತದ್ದು.

ಕಡತಗಳಲ್ಲಿ ಮುಖ್ಯವಾದವು ಎರಡು. ಪಿಡಿಎಫ್ ಅನ್ನು ಅಡೋಬಿ ಕಂಪನಿ 1993ರಲ್ಲಿ ಹೊರತಂದದ್ದೇ ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ಮುದ್ರಿಸಿದರೂ ಪುಟ ಒಂದೇ ತರಹ ಕಾಣಲಿ ಎಂದು. ಪುಟದ ಎಡ ಅಂಚಿನಿಂದ ಇಷ್ಟು, ಕೆಳ ಅಂಚಿನಿಂದ ಇಷ್ಟು ದೂರದಲ್ಲಿ ಈ ಆಕೃತಿಯನ್ನು ಇಡು ಎಂಬ ಸೂಚನೆಗಳ ಸರಮಾಲೆ ಅದು. ಒಂದು ತರಹದ ಶಿಲಾಶಾಸನ: ಕೆತ್ತಿದ್ದು ಕೆತ್ತಿದಂತೆ, ನಾವೇ ಅದರ ಬಳಿಗೆ ಹೋಗಿ ಬಗ್ಗಿ ನೋಡಬೇಕು. 2007ರಲ್ಲಿ ಮಾನಕವಾದ ಇಪಬ್ ಹಾಗಲ್ಲ. ಕಡತದ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗಿರುವುದು ಸಾದಾ ವೆಬ್‌ಪುಟಗಳು: ಹೆಚ್ಚಾಗಿ ಅಧ್ಯಾಯಕ್ಕೊಂದು ಎಕ್ಸ್‌ಎಚ್‌ಟಿಎಂಎಲ್ ಕಡತ, ಅಂದಚಂದ ಹೇಳುವ ಒಂದು ಸಿಎಸ್‌ಎಸ್ ಕಡತ, ಚಿತ್ರಗಳು, ಬೇಕಿದ್ದರೆ ಫಾಂಟು, ಅಧ್ಯಾಯಗಳ ಕ್ರಮದ ಪಟ್ಟಿ. 'ಇದು ಪ್ಯಾರಾ, ಇದು ಶೀರ್ಷಿಕೆ' ಎಂದಷ್ಟೇ ಅದು ಹೇಳುತ್ತದೆ. ಸಾಲು ಎಲ್ಲಿ ಮುರಿಯಬೇಕೆಂಬುದು ಓದುವ ಯಂತ್ರಕ್ಕೆ ಬಿಟ್ಟದ್ದು.

ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ. 6 ಇಂಚಿನ ಇ-ರೀಡರ್ ಪರದೆ ಸುಮಾರು 9 ಸೆಂ.ಮೀ. ಅಗಲ, 12.2 ಸೆಂ.ಮೀ. ಎತ್ತರ. ನಮ್ಮ ಕಾದಂಬರಿಗಳು ಸಾಮಾನ್ಯವಾಗಿ ಬರುವ ಡೆಮಿ 1/8 ಆಕಾರದ ಪುಟ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. ಆ ಪುಟದ ಪಿಡಿಎಫ್ ಇಡಿಯಾಗಿ ಪರದೆಯಲ್ಲಿ ಹಿಡಿಸಬೇಕಾದರೆ 57 ಶೇಕಡಕ್ಕೆ ಕುಗ್ಗಬೇಕು. 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೂ ಕೆಳಗಿಳಿಯುತ್ತದೆ. ಎ4 ಹಾಳೆಯದಾದರೆ 5 ಪಾಯಿಂಟು. ಇಂಗ್ಲಿಷನ್ನು ಅಷ್ಟು ಸಣ್ಣದಾಗಿಯೂ ಹೇಗೋ ಓದಿಬಿಡಬಹುದು. ಕನ್ನಡದಲ್ಲಿ 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬಲ್ಲಿ ಒತ್ತಿನ ಕೆಳಗೆ, ಪಕ್ಕದಲ್ಲಿ ಇನ್ನೊಂದು ಒತ್ತು ಇರುತ್ತದೆ. ಅದು ಬರೀ ಕಪ್ಪು ಚುಕ್ಕಿಯಾಗುತ್ತದೆ.

ಹಿಗ್ಗಿಸಿ, ಎಳೆದು ಓದಬಾರದೇಕೆ? ಮೊಬೈಲಿನಲ್ಲಿ ಆದೀತು, ಇ-ರೀಡರಿನ ಇ-ಇಂಕ್ ಪರದೆ ಅದಕ್ಕೆ ಹುಟ್ಟಿದ್ದಲ್ಲ. ಅದರೊಳಗೆ ಕೂದಲೆಳೆಯ ದಪ್ಪದ ಲಕ್ಷಗಟ್ಟಲೆ ಗುಳಿಗೆಗಳು, ಅವುಗಳೊಳಗಿನ ದ್ರವದಲ್ಲಿ ತೇಲುವ ಬಿಳಿ, ಕಪ್ಪು ಕಣಗಳು. ವಿದ್ಯುತ್ ಕೊಟ್ಟಾಗ ಒಂದು ಬಣ್ಣದವು ಮೇಲೆ ಬಂದು ಇನ್ನೊಂದು ಕೆಳಗೆ ಹೋಗುತ್ತವೆ, ಆಮೇಲೆ ವಿದ್ಯುತ್ ಇಲ್ಲದಿದ್ದರೂ ಇದ್ದಲ್ಲೇ ಇರುತ್ತವೆ. ಬ್ಯಾಟರಿ ವಾರಗಟ್ಟಲೆ ಬರುವುದು, ಬಿಸಿಲಲ್ಲಿ ಜಗಲಿಯ ಮೇಲೆ ಕೂತರೂ ಅಕ್ಷರ ಕಾಗದದ ಮೇಲಿನಂತೆ ನಿಚ್ಚಳವಾಗಿ ಕಾಣುವುದು ಇದರಿಂದಲೇ. ಆದರೆ ಕಣಗಳು ದ್ರವದಲ್ಲಿ ಈಜಿ ಬರಲು ಹೊತ್ತು ಹಿಡಿಯುತ್ತದೆ. ಪುಟ ಎಳೆದಾಗಲೆಲ್ಲ ಪರದೆ ತಡವರಿಸುತ್ತದೆ, ಹಳೆಯ ಅಕ್ಷರದ ನೆರಳು ಉಳಿಯುತ್ತದೆ. ಒಮ್ಮೆ ಪುಟ ಮೂಡಿಸಿ ನಿಮಿಷ ಹೊತ್ತು ಸುಮ್ಮನಿರುವುದು ಅದರ ಸ್ವಭಾವ. ರೀಫ್ಲೋ ಆಗುವ ಪುಸ್ತಕ ಕೇಳುವುದೂ ಅಷ್ಟನ್ನೇ.

ಅಂಥ ಪುಸ್ತಕ ಕೈಗೆ ಸಿಕ್ಕರೆ ಕನ್ನಡಕ್ಕೆ ಮೂರು ಹೊಂದಿಕೆ ಮಾಡಿಕೊಳ್ಳಿ. ಸಾಲಿನ ಅಂತರವನ್ನು ಇಂಗ್ಲಿಷಿಗಿಂತ ಒಂದು ಹಂತ ಹೆಚ್ಚಿಡಿ, ಅಕ್ಷರದ ಎತ್ತರದ ಒಂದೂವರೆ ಪಟ್ಟು ಹದವಾಗಿರುತ್ತದೆ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೂ ಅಂಚಿಗೆ ಸಾಲು ಸಮ ಮಾಡುವ ಜಸ್ಟಿಫೈ ಆಯ್ಕೆ ತೆಗೆದು, ಎಡಕ್ಕೆ ಮಾತ್ರ ಹೊಂದಿಸಿ. 'ಹೋಗಬೇಕಾಗಿದ್ದುದರಿಂದಲೇ' ಎಂಬಂಥ ಪದ ಸಾಲಿನಲ್ಲಿ ಹಿಡಿಸದೆ ಕೆಳಗಿಳಿದರೆ ಉಳಿದ ಮೂರು ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬೀಳುತ್ತದೆ, ಏಕೆಂದರೆ ಬಹುತೇಕ ಯಂತ್ರಗಳಿಗೆ ಕನ್ನಡ ಪದವನ್ನು ಎಲ್ಲಿ ಒಡೆಯಬೇಕೆಂದು ಗೊತ್ತಿರುವುದಿಲ್ಲ. ಅಂಚನ್ನು ಕಿರಿದಾಗಿಡಿ. ಒಂದು ಸಾಲಿಗೆ ಐದಾರು ಪದ ಬಂದರೆ ಓದು ಸರಾಗ.

ಇನ್ನು ಕನ್ನಡಕ್ಕೇ ವಿಶೇಷವಾದ ತೊಡಕು. ರೀಫ್ಲೋ ಆಗಬೇಕಾದರೆ ಕಡತದೊಳಗೆ ಅಕ್ಷರ ಅಕ್ಷರವಾಗಿಯೇ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಇರಬೇಕು. ನಮ್ಮಲ್ಲಿ ದಶಕಗಳ ಕಾಲ ಡಿಟಿಪಿ ನಡೆದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಅಲ್ಲಿ ಕಂಪ್ಯೂಟರಿನ ಮಟ್ಟಿಗೆ ಒಳಗಿರುವುದು ರೋಮನ್ ಅಕ್ಷರ, ಫಾಂಟು ಅದರ ಮೇಲೆ ಕನ್ನಡದ ಅಂಗಿ ತೊಡಿಸಿರುತ್ತದೆ ಅಷ್ಟೇ. ಅಂಥ ಪಿಡಿಎಫ್ ಅನ್ನು ಇಪಬ್ ಮಾಡಿದರೆ ಅಂಗಿ ಕಳಚಿ, ತಲೆಯ ಮೇಲೆ ಕೊಂಬು ಬಾಲ ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಮೂಲ ವರ್ಡ್ ಕಡತವೋ ಪೇಜ್‌ಮೇಕರ್ ಕಡತವೋ ಸಿಕ್ಕರೆ ಪಠ್ಯವನ್ನು ಹೊರತೆಗೆದು ಯೂನಿಕೋಡಿಗೆ ಬದಲಿಸಬಹುದು. ನುಡಿ, ಬರಹ ತಂತ್ರಾಂಶಗಳಲ್ಲೇ ಅದಕ್ಕೆ ಪರಿವರ್ತಕ ಇದೆ. ಬದಲಾದ ಮೇಲೆ ಅರ್ಕಾವೊತ್ತು ಬರುವ ಪದಗಳನ್ನು ಮೊದಲು ಪರೀಕ್ಷಿಸಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಂಡ ಕ್ರಮದಲ್ಲಿ ವ್ಯಂಜನದ ನಂತರ ಕೀಲಿಸಿರುತ್ತಾರೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. 'ಸೂರ್ಯ', 'ಕಾರ್ಯ'ಗಳು ಎಡವುವುದು ಇಲ್ಲೇ.

ಯೂನಿಕೋಡಿನಲ್ಲೇ ತಯಾರಾದ ಪಿಡಿಎಫ್ ಆದರೂ ಪೂರ್ತಿ ನಂಬುವಂತಿಲ್ಲ. ಪಿಡಿಎಫ್ ಇಟ್ಟುಕೊಳ್ಳುವುದು ಅಕ್ಷರದ ಆಕೃತಿಯನ್ನು. ಯಾವ ಆಕೃತಿ ಯಾವ ಅಕ್ಷರದ್ದು ಎಂಬ ನಕ್ಷೆ ಒಳಗಿರದಿದ್ದರೆ ಒತ್ತು, ಗುಣಿತಗಳು ಕಾಣೆಯಾಗುತ್ತವೆ ಅಥವಾ ಸ್ಥಾನ ಪಲ್ಲಟವಾಗುತ್ತವೆ. ಪರೀಕ್ಷೆ ಸುಲಭ: ಕಂಪ್ಯೂಟರಿನಲ್ಲಿ ಕಡತ ತೆರೆದು, ಒತ್ತಕ್ಷರ ತುಂಬಿದ ಎರಡು ಸಾಲು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ. ಸರಿಯಾಗಿ ಬಂದರೆ ಇಪಬ್ ಆದೀತು. ಚಿಂದಿಯಾಗಿ ಬಂದರೆ ಪರಿವರ್ತನೆಯ ಗೊಡವೆಗೆ ಹೋಗಬೇಡಿ.

ಪಠ್ಯ ಸರಿ ಇದ್ದರೆ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಸಾಕು. ಅದರ ಕರ್ತೃ ಕೋವಿದ್ ಗೋಯಲ್, ಭಾರತೀಯರೇ. ವರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ ಅಧ್ಯಾಯದ ಹೆಸರುಗಳಿಗೆಲ್ಲ 'ಹೆಡಿಂಗ್ 1' ಶೈಲಿ ಕೊಟ್ಟು ಡಾಕ್‌ಎಕ್ಸ್ ಆಗಿ ಉಳಿಸಿ. ಬರೀ ಬೋಲ್ಡ್ ಮಾಡಿ ದೊಡ್ಡದು ಮಾಡಿದರೆ ಪರಿವಿಡಿಯಲ್ಲಿ ಅಧ್ಯಾಯ ಬರುತ್ತದೆಂಬ ಭರವಸೆ ಇಲ್ಲ. ಕ್ಯಾಲಿಬರ್‌ಗೆ ಸೇರಿಸಿದ ಮೇಲೆ ಪುಸ್ತಕದ ವಿವರದಲ್ಲಿ ಭಾಷೆ ಕನ್ನಡ ಎಂದು ತುಂಬಿ, ಪರಿವರ್ತನೆಯ ಕಿಟಕಿಯ 'ಲುಕ್ ಅಂಡ್ ಫೀಲ್' ವಿಭಾಗದಲ್ಲಿ 'ಎಂಬೆಡ್ ಫಾಂಟ್ ಫ್ಯಾಮಿಲಿ' ಎಂಬಲ್ಲಿ ನೋಟೊ ಸೆರಿಫ್ ಕನ್ನಡವನ್ನೋ ಬೇರೆ ಮುಕ್ತ ಫಾಂಟನ್ನೋ ಆರಿಸಿ. ಆ ಫಾಂಟು ನಿಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇರಬೇಕು. ಪಿಡಿಎಫ್‌ನಿಂದಲೇ ಮಾಡುವುದಾದರೆ ಎರಡು ಕಾಟ: ಪ್ರತಿ ಸಾಲೂ ಒಂದು ಪ್ಯಾರಾ ಆಗಿಬಿಡುವುದು, ಪುಟಸಂಖ್ಯೆ ಮತ್ತು ಪುಸ್ತಕದ ಹೆಸರು ವಾಕ್ಯದ ಮಧ್ಯೆ ತೂರಿಕೊಳ್ಳುವುದು. ಮೊದಲನೆಯದಕ್ಕೆ 'ಲೈನ್ ಅನ್‌ರ‍್ಯಾಪಿಂಗ್ ಫ್ಯಾಕ್ಟರ್' ಎಂಬ ಅಂಕಿ ಇದೆ, ಮೂಲತಃ 0.45 ಇರುತ್ತದೆ, ಸಾಲುಗಳು ಕೂಡದಿದ್ದರೆ ಸ್ವಲ್ಪ ಇಳಿಸಿ ನೋಡಿ. ಎರಡನೆಯದನ್ನು 'ಸರ್ಚ್ ಅಂಡ್ ರಿಪ್ಲೇಸ್'ನಲ್ಲಿ ಅಳಿಸಬೇಕು. ಅಮೆಜಾನಿನ ಇ-ರೀಡರ್ ಆದ ಕಿಂಡಲ್‌ಗೆ ಪುಸ್ತಕ ಕಳಿಸುವ ಸೌಲಭ್ಯ 2022ರಿಂದ ಇಪಬ್ ಅನ್ನೇ ಸ್ವೀಕರಿಸುತ್ತದೆ. ಅಲ್ಲಿ ಒಳಗೆ ಕೂರಿಸಿದ ಫಾಂಟು ಕಾಣಬೇಕಾದರೆ ಫಾಂಟ್ ಪಟ್ಟಿಯಲ್ಲಿ 'ಪಬ್ಲಿಷರ್ ಫಾಂಟ್' ಒತ್ತಬೇಕು.

ಯಂತ್ರದಲ್ಲಿ ಅಕ್ಷರದ ಬದಲು ಖಾಲಿ ಚೌಕ ಕಂಡರೆ ಫಾಂಟಿಲ್ಲ ಎಂದರ್ಥ. ಅಕ್ಷರ ಕಂಡು ಒತ್ತು ಮಾತ್ರ ಕೂಡದೆ, 'ಅಕ್ಕ' ಎಂಬುದು 'ಅಕ್‌ಕ' ಎಂದು ಬಿಡಿಬಿಡಿಯಾಗಿ ನಿಂತರೆ ತಪ್ಪು ಬೇರೆ: ಅಕ್ಷರ ಜೋಡಿಸುವ ಶಕ್ತಿ ಓದುವ ತಂತ್ರಾಂಶಕ್ಕೇ ಇಲ್ಲ, ಅಥವಾ ಜೋಡಣೆಯ ನಿಯಮಗಳು ಫಾಂಟಿನಲ್ಲಿಲ್ಲ. ಫಾಂಟು ಬದಲಿಸಿದರೂ ಹೋಗದಿದ್ದರೆ ಕೋರೀಡರ್ ಎಂಬ ಮುಕ್ತ ತಂತ್ರಾಂಶ ಪ್ರಯತ್ನಿಸಿ. ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ಯಂತ್ರ ಅದರೊಳಗಿದೆ, ಕನ್ನಡ ನೇರವಾಗಿ ಕೂರುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳದು ಮತ್ತೊಂದು ಕತೆ, ಅಲ್ಲಿ ಅಕ್ಷರವೇ ಇಲ್ಲ, ಪುಟದ ಚಿತ್ರ ಮಾತ್ರ. ಕೋರೀಡರಿನಲ್ಲಿ ಪಿಡಿಎಫ್‌ಗೂ ರೀಫ್ಲೋ ಗುಂಡಿ ಇದೆ. ಅದು ಪುಟದ ಚಿತ್ರದಿಂದ ಪದಪದವನ್ನೂ ಕತ್ತರಿಸಿ ಹೊಸ ಸಾಲಾಗಿ ಅಂಟಿಸುತ್ತದೆ. ಉಪಾಯ ಚೆನ್ನ, ಆದರೆ ಸಾಲುಗಳು ಒತ್ತೊತ್ತಾಗಿರುವ ಹಳೆಯ ಮುದ್ರಣದಲ್ಲಿ ಕತ್ತರಿ ದಾರಿ ತಪ್ಪಬಹುದು. ಅದಕ್ಕಿಂತ ಸಾದಾ ಮಾರ್ಗ, ಪುಟದ ಸುತ್ತಲಿನ ಬಿಳಿ ಅಂಚನ್ನು ಕ್ರಾಪ್ ಮಾಡಿ ಯಂತ್ರವನ್ನು ಅಡ್ಡ ಹಿಡಿಯುವುದು. ಡೆಮಿ ಪುಟದಲ್ಲಿ ಅಚ್ಚಿನ ಭಾಗದ ಅಗಲ 10-11 ಸೆಂ.ಮೀ. ಮಾತ್ರ, ಅಡ್ಡ ಹಿಡಿದ ಪರದೆ 12.2. ಅಕ್ಷರ ಮೂಲಕ್ಕಿಂತ ಕೊಂಚ ದಪ್ಪವೇ ಕಾಣುತ್ತದೆ, ಒಂದು ಪುಟಕ್ಕೆ ಎರಡು ಮೂರು ಸಲ ತಿರುವಬೇಕು ಅಷ್ಟೇ. ಓಸಿಆರ್ ಮಾಡಿ, ಅಂದರೆ ಚಿತ್ರದಲ್ಲಿನ ಅಕ್ಷರವನ್ನು ಕಂಪ್ಯೂಟರಿನಿಂದ ಗುರುತಿಸಿ ಪಠ್ಯ ತೆಗೆಯುವವರು ತಿದ್ದುವುದಕ್ಕೆ ಸಮಯ ಎತ್ತಿಡಬೇಕು: 'ಪ' ಮತ್ತು 'ವ', 'ಮ' ಮತ್ತು 'ವು' ಅದಲುಬದಲಾಗುತ್ತವೆ, ಮಹಾಪ್ರಾಣದ ಸೀಳು ಬಿದ್ದುಹೋಗುತ್ತದೆ, ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಬಂದು ಕೂರುತ್ತದೆ. ಕೊನೆಯದು ಕಣ್ಣಿಗೆ ತಿಳಿಯುವುದೇ ಇಲ್ಲ, ಪದ ಹುಡುಕಿದಾಗ ಸಿಗದೆ ಹೋದಾಗಲೇ ಗೊತ್ತಾಗುವುದು. ಈ ಗೋಜು ಬೇಡವೆನ್ನುವವರಿಗೆ ಕನ್ನಡ ವಿಕಿಸೋರ್ಸ್‌ನಲ್ಲಿ ಪಠ್ಯವಾಗಿಯೇ ಇರುವ ಕೃತಿಗಳನ್ನು ನೇರ ಇಪಬ್ ಆಗಿ ಇಳಿಸಿಕೊಳ್ಳುವ ಅವಕಾಶವಿದೆ.

ರೀಫ್ಲೋ ಎಲ್ಲಕ್ಕೂ ಒಗ್ಗುವುದಿಲ್ಲ. ಮಕ್ಕಳ ಚಿತ್ರಪುಸ್ತಕ, ನಕ್ಷೆ, ಕೋಷ್ಟಕ, ಗಣಿತ ಇವಕ್ಕೆ ಪುಟದ ವಿನ್ಯಾಸವೇ ಅರ್ಧ ಅರ್ಥ. ದೊಡ್ಡ ಟ್ಯಾಬ್ಲೆಟ್ಟಿನಲ್ಲಿ ಪಿಡಿಎಫ್ ನೋಡುವುದೇ ಸರಿ. ಪದ್ಯಕ್ಕೆ ಮಾತ್ರ ನಡುವಿನ ದಾರಿಯಿದೆ. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ; 3 ಮತ್ತು 6ನೆಯವಕ್ಕೆ 21, ಜೊತೆಗೊಂದು ಗುರು. ಅಕ್ಷರ ದೊಡ್ಡದು ಮಾಡಿದೊಡನೆ ಈ ಎರಡು ಉದ್ದ ಸಾಲು ಮುರಿದು, ಆರು ಸಾಲಿನ ಪದ್ಯ ಎಂಟು ಸಾಲಿನದಾಗಿ ಕಾಣುತ್ತದೆ. ಸಿಎಸ್‌ಎಸ್‌ನಲ್ಲಿ ಪದ್ಯದ ಪ್ಯಾರಾಕ್ಕೆ ಎಡ ಅಂಚು ಒಂದೂವರೆ ಎಂ (em, ಅಕ್ಷರದ ಗಾತ್ರದಷ್ಟು ಅಳತೆ), ಮೊದಲ ಸಾಲಿನ ಇಂಡೆಂಟು ಋಣ ಒಂದೂವರೆ ಎಂ ಎಂದು ಕೊಟ್ಟರೆ ಮುರಿದ ತುಂಡು ಒಳಕ್ಕೆ ಸರಿದು ನಿಲ್ಲುತ್ತದೆ, ಎಲ್ಲಿ ಕವಿಯ ಸಾಲು ಎಲ್ಲಿ ಯಂತ್ರದ ಸಾಲು ಎಂಬುದು ಓದುಗನಿಗೆ ಕಾಣುತ್ತದೆ. ಆದರೆ ಪದ್ಯದ ಪ್ರತಿ ಸಾಲೂ ಬೇರೆ ಪ್ಯಾರಾ ಆಗಿರಬೇಕು. ಶಿಫ್ಟ್-ಎಂಟರ್ ಒತ್ತಿ ಸಾಲು ಮುರಿದಿದ್ದರೆ ಇಂಡೆಂಟು ಮೊದಲ ಸಾಲಿಗೆ ಮಾತ್ರ ತಗುಲಿ ಉಳಿದ ಐದೂ ಒಳಕ್ಕೆ ಹೋಗಿಬಿಡುತ್ತವೆ.

ಹರಿಯುವ ಪಠ್ಯಕ್ಕೆ ಪುಟಸಂಖ್ಯೆ ನಿಲ್ಲುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಯಂತ್ರದ 112ನೇ ಪುಟ ಪಕ್ಕದವರ ಯಂತ್ರದಲ್ಲಿ 87 ಇರಬಹುದು. ಕಿಂಡಲ್ ಇದಕ್ಕಾಗಿ ಲೊಕೇಶನ್ ಎಂಬ ತನ್ನದೇ ಅಂಕಿ ಇಟ್ಟುಕೊಂಡಿದೆ. ಮುದ್ರಿತ ಪ್ರತಿಯ ಪುಟಸಂಖ್ಯೆಯನ್ನು ಇಪಬ್‌ನೊಳಗೆ ಗುರುತು ಹಾಕಿಡುವ ವ್ಯವಸ್ಥೆಯೂ ಉಂಟು, ಅದನ್ನು ಪ್ರಕಾಶಕರು ಮಾಡಿರಬೇಕು. ಲೇಖನಕ್ಕೋ ಪ್ರಬಂಧಕ್ಕೋ ಉಲ್ಲೇಖ ಕೊಡುವಾಗ ಗುರುತು ಇಲ್ಲದ ಪುಸ್ತಕವಾದರೆ ಅಧ್ಯಾಯದ ಹೆಸರು ಮತ್ತು ಎಷ್ಟನೇ ಪ್ಯಾರಾ ಎಂಬುದನ್ನು ಬರೆಯಿರಿ. ಅಕ್ಷರದ ಗಾತ್ರ ಯಾರು ಎಷ್ಟಿಟ್ಟುಕೊಂಡರೂ ಅವೆರಡು ಕದಲುವುದಿಲ್ಲ.