ಹಸಿರು ಬಟ್ಟೆ, ನೀಲಿ ಬೆಳಕು

ಹೋದ ಬೇಸಿಗೆಯಲ್ಲಿ ಆಳಂದ ಕಡೆಯ ಒಬ್ಬ ಆಯಿ ಮೊಮ್ಮಗನ ಲಂಗೋಟಿ ಬಟ್ಟೆಯನ್ನು ತಂದು ನನ್ನ ಟೇಬಲ್ ಮೇಲೇ ಬಿಡಿಸಿಟ್ಟರು. "ನೋಡ್ರಿ ಡಾಕ್ಟರ್ರೇ, ಕೂಸಿಗೆ ಲೈಟ್ ಬಡದದ. ಹಸಿರು ಹಸಿರು ಮಾಡ್ಲಿಕತ್ತದ. ಪೆಟ್ಟಿಗಿ ಸಾಕ್ರಿ, ಹೊರಗ ತೆಗೀರಿ." ಕೂಸಿಗೆ ನಾಲ್ಕು ದಿನ. ಕಾಮಣಿ ಏರಿದ್ದರಿಂದ ಹಿಂದಿನ ದಿನವಷ್ಟೇ ಚಿಕಿತ್ಸೆಗೆಂದು ನೀಲಿ ಲೈಟಿನ ಕೆಳಗೆ ಮಲಗಿಸಿದ್ದೆವು.

"ಆಯಿ, ಇದು ಕಾಮಣಿನೇ ಹೊರಗ ಹೊಂಟದ್ದು" ಅಂದೆ. ಅವರು ನಂಬಲಿಲ್ಲ.

ಹುಟ್ಟಿದ ಕೂಸಿನ ಕೆಂಪು ರಕ್ತಕಣ ಜಾಸ್ತಿ ಒಡೆಯುತ್ತವೆ. ಅದರಿಂದ ಬರುವ ಹಳದಿ ವಸ್ತುವೇ ಬಿಲಿರುಬಿನ್. ಕೂಸಿನ ಲಿವರ್ ಇನ್ನೂ ಬಲಿತಿರುವುದಿಲ್ಲ, ಅಷ್ಟನ್ನೂ ಹೊರಹಾಕೋಕೆ ಅದಕ್ಕೆ ಆಗಲ್ಲ. ತೀರಾ ಏರಿದರೆ ಮೆದುಳಿಗೇ ಪೆಟ್ಟು. ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್ನಿನ ರೂಪ ಬದಲಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಆಮೇಲೆ ಅದು ಪಿತ್ತದ ಜೊತೆ ಕರುಳಿಗೆ, ಅಲ್ಲಿಂದ ಬಟ್ಟೆಗೆ. ಆಯಿ ತಂದಿದ್ದು ಅದನ್ನೇ.

ಹಾಗಂತ ಅವರ ಚಿಂತೆ ಸುಮ್ನೆ ಅಲ್ಲ. ಮಲ ತೆಳ್ಳಗೆ ಹೋದಷ್ಟೂ ಮೈಯಿಂದ ನೀರು ಹೋಗುತ್ತದೆ. ಬರೀ ಮೈಯಲ್ಲಿ ಬೆಳಕಿನ ಕೆಳಗೆ ಮಲಗಿದ ಕೂಸಿನ ಚರ್ಮದಿಂದಲೂ ನೀರು ಆರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ವಾರ್ಡಿನಲ್ಲೂ ಧಗೆ. ಹಳೇ ಟ್ಯೂಬ್‌ಲೈಟಿನ ಯಂತ್ರವಾದರೆ ಅದರ ಬಿಸಿಯೂ ಸೇರುತ್ತದೆ. ಎಲ್‌ಇಡಿ ಬಂದ ಮೇಲೆ ಆ ಕಾಟ ಎಷ್ಟೋ ಕಡಿಮೆ. ಅದಕ್ಕೇ ನಾವು ಮತ್ತೆ ಮತ್ತೆ ಜ್ವರ ನೋಡುವುದು, ದಿನಾ ತೂಕ ಹಾಕುವುದು. ಕಡಿಮೆ ತೂಕದ ಕೂಸಾದರೆ ಉಲ್ಟಾ, ಮೈ ತಣ್ಣಗಾಗಿಬಿಡಬಹುದು.

ಕಣ್ಣಿನ ಪಟ್ಟಿ ವಿಷಯ ನನಗೆ ಮರೆಯೋದೇ ಇಲ್ಲ. ಜೋರಾದ ಬೆಳಕು ಕಣ್ಣಿನ ಒಳಪದರಕ್ಕೆ ತಾಗಬಾರದು ಅಂತ ಪಟ್ಟಿ ಕಟ್ಟುತ್ತೇವೆ. ನಾನು ಟ್ರೇನಿಂಗ್‌ನಲ್ಲಿದ್ದಾಗ ಒಂದು ರಾತ್ರಿ ಅದು ಜಾರಿ ಕೂಸಿನ ಮೂಗಿನ ಮೇಲೆ ಕೂತಿತ್ತು. ನಾನು ಅಲ್ಲೇ ಪಕ್ಕದಲ್ಲಿ ಕೇಸ್ ಶೀಟ್ ಬರೆಯುತ್ತಿದ್ದೆ, ತಲೆ ಎತ್ತಿರಲಿಲ್ಲ. ಕೂಸು ಕಾಲು ಬಡಿಯುವ ರೀತಿ ಬೇರೆ ಇದೆ ಅಂತ ಸಿಸ್ಟರ್ ಓಡಿಬಂದು ಸರಿಸಿದರು. ಬೆಳಕಿಗಿಂತ ಆ ಬಟ್ಟೆ ತುಂಡಿಗೇ ನಾನು ಈಗಲೂ ಜಾಸ್ತಿ ಹೆದರುತ್ತೇನೆ.

ಮೈಮೇಲೆ ಕೆಂಪು ಗಂದೆ ಬಂದರೆ ತಾನಾಗಿಯೇ ಹೋಗುತ್ತದೆ. ಎಣ್ಣೆ ಮಾತ್ರ ಹಚ್ಚಬೇಡಿ. ಚರ್ಮ ಕಂಚಿನ ಹಾಗೆ ಬೂದುಗಂದು ಆದರೆ ಮಾತು ಬೇರೆ. ಲಿವರ್‌ನಿಂದ ಪಿತ್ತ ಸರಿಯಾಗಿ ಹರಿಯದ ಕೂಸುಗಳಲ್ಲಿ ಹಾಗಾಗುತ್ತದೆ. ಲೈಟ್ ನಿಲ್ಲಿಸಿದ ಮೇಲೆ ಬಣ್ಣ ನಿಧಾನಕ್ಕೆ ಇಳಿಯುತ್ತದೆ, ಆದರೆ ಲಿವರ್ ಪರೀಕ್ಷೆ ಆಗಲೇಬೇಕು.

ನನ್ನ ಲೆಕ್ಕದಲ್ಲಿ ದೊಡ್ಡ ತೊಂದರೆ ಇದ್ಯಾವುದೂ ಅಲ್ಲ, ಕೂಸು ತಾಯಿಯಿಂದ ದೂರ ಆಗುವುದು. ಬಾಣಂತಿ ಒಂದು ಕಡೆ, ಕೂಸು ಇನ್ನೊಂದು ಕಡೆ. ಹಾಲು ಕಟ್ಟಿ ಎದೆ ನೋವು. ಅಷ್ಟರಲ್ಲಿ ಯಾರೋ ಸಕ್ಕರೆ ನೀರು ಕುಡಿಸಿರುತ್ತಾರೆ. ನೀರು ಕುಡಿಸಿದರೆ ಕಾಮಣಿ ಇಳಿಯಲ್ಲ. ಹಾಲು ಕುಡಿದರೆ ಕರುಳು ಓಡುತ್ತದೆ, ಆಗಲೇ ಬಿಲಿರುಬಿನ್ ಹೊರಗೆ ಹೋಗೋದು. ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ತೀರಾ ಏರಿದ ಕಾಮಣಿ ಅಲ್ಲದಿದ್ದರೆ ಹಾಲಿಗೆಂದು ಅರ್ಧ ಗಂಟೆ ಹೊರಗೆ ತೆಗೆದರೆ ಏನೂ ಆಗಲ್ಲ. ಆಗ ಪಟ್ಟಿಯನ್ನೂ ಬಿಚ್ಚಿ. ಕೂಸು ತಾಯಿಯ ಮುಖ ನೋಡಲಿ.

ಆಯಿಯ ಇನ್ನೊಂದು ಪ್ರಶ್ನೆ: "ಅಂಗಳದಾಗ ಬೇಕಾದಷ್ಟು ಬಿಸಿಲದ, ಈ ಪೆಟ್ಟಿಗಿ ಯಾಕ್ರಿ?" ತಮಾಷೆ ಅಂದರೆ ಈ ಚಿಕಿತ್ಸೆ ಶುರುವಾಗಿದ್ದೇ ಬಿಸಿಲಿನಿಂದ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫೋರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ಕೂಸುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಕೂಸಿನ ಮೈಯೆಲ್ಲ ತಿಳಿಯಾಗಿ, ಬಟ್ಟೆ ಮುಚ್ಚಿದ್ದ ಜಾಗವಷ್ಟೇ ಹಳದಿ ಉಳಿದಿತ್ತು. ಆದರೆ ಅದು ಇಂಗ್ಲೆಂಡಿನ ಬಿಸಿಲು. ನಮ್ಮ ಬಿಸಿಲಿನಲ್ಲಿ ಕೂಸಿನ ಚರ್ಮ ಸುಡುತ್ತದೆ, ಜ್ವರ ಏರುತ್ತದೆ, ಎಷ್ಟು ಬೆಳಕು ತಾಗಿತು ಅನ್ನೋ ಲೆಕ್ಕವೂ ಸಿಗಲ್ಲ.

ಅದೇ ಹಳದಿ ಗುರುತನ್ನು ಇಲ್ಲೂ ನೋಡಬಹುದು. ಪಟ್ಟಿ ಬಿಚ್ಚಿದಾಗ ಕಣ್ಣಿನ ಸುತ್ತ ಹಳದಿ, ಕೆನ್ನೆ ಮಾತ್ರ ತಿಳಿ. ಹಾಗಾಗಿ ಲೈಟಿನ ಕೆಳಗಿದ್ದ ಕೂಸಿನ ಬಣ್ಣ ನೋಡಿ ಕಾಮಣಿ ಇಳೀತು ಅನ್ನೋಕಾಗಲ್ಲ. ರಕ್ತ ಪರೀಕ್ಷೆಯೇ ಬೇಕು. ಲೈಟ್ ನಿಲ್ಲಿಸಿದ ಮೇಲೂ ಕೆಲವು ಕೂಸುಗಳಿಗೆ ಮತ್ತೊಂದು ಸಲ ಮಾಡಿಸುತ್ತೇವೆ, ಯಾಕಂದ್ರೆ ಅದು ತಿರುಗಿ ಏರಬಹುದು.

ಆಯಿಗೆ ಒಂದು ಕೆಲಸ ಕೊಟ್ಟು ಕಳಿಸಿದೆ: ಕೂಸು ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ ಎಣಿಸಿ. ನಾಲ್ಕು ದಿನ ದಾಟುತ್ತಿದ್ದ ಹಾಗೆ ದಿನಕ್ಕೆ 6 ಸಲವಾದರೂ ಬೇಕು. ಕಡಿಮೆಯಾದರೆ, ಹಾಲಿಗೆ ಏಳದೆ ಮಂಕಾಗಿ ಮಲಗಿದರೆ ಆ ಕ್ಷಣವೇ ನಮ್ಮನ್ನು ಕರೆಯಿರಿ ಅಂದಿದ್ದೆ.

ಮರುದಿನ ರೌಂಡ್ಸ್‌ಗೆ ಹೋದಾಗ ಬಾಗಿಲಲ್ಲೇ ನಿಂತಿದ್ದರು. "ನಿನ್ನಿ ಮಧ್ಯಾಹ್ನದಿಂದ ಏಳು ಸಲ ಆಗ್ಯಾದ್ರಿ. ಒಂದು ನನ್ನ ಸೀರಿ ಮ್ಯಾಲ."